ಟೇಕಲ್ಲಿನಿಂದ ಬೆಳಗಿನ ಗಾಡಿ

ಬೆಂಗಳೂರಿನಿಂದ ಬಂಗಾರಪೇಟೆಯ ಕಡೆಗೆ ಹೊರಟ ರೈಲುಗಾಡಿ ಮಾಲೂರನ್ನು ದಾಟಿತೆಂದರೆ ಕಿಟಕಿಯಾಚೆಯ ನೋಟ ಬದಲಾಗತೊಡಗುತ್ತದೆ. ಅದುವರೆಗೆ ಹರಡಿದ್ದ ರಾಗಿಯ ಹೊಲ, ನೀಲಗಿರಿಯ ತೋಪು, ಇಟ್ಟಿಗೆಯ ಗೂಡುಗಳ ನಡುವೆ ಅಲ್ಲೊಂದು ಇಲ್ಲೊಂದು ಬಂಡೆ ತಲೆಯೆತ್ತುತ್ತದೆ. ಒಂದು ಎರಡಾಗಿ, ಎರಡು ಹತ್ತಾಗಿ, ಟೇಕಲ್ ಸ್ಟೇಷನ್ನು ಬರುವ ಹೊತ್ತಿಗೆ ಬಂಡೆಗಳ ರಾಜ್ಯವೇ ಎದುರಿಗೆ ನಿಲ್ಲುತ್ತದೆ. ದೈತ್ಯರ ಮಕ್ಕಳು ಗೋಲಿಯಾಡುತ್ತಿದ್ದವರು, ತಾಯಿ ಊಟಕ್ಕೆ ಕರೆದಳೆಂದು ಎಲ್ಲವನ್ನೂ ಹಾಗೆಯೇ ಬಿಟ್ಟು ಓಡಿಹೋದಂತೆ, ಬಂಡೆಯ ಮೇಲೆ ಬಂಡೆ, ಅದರ ಮೇಲೆ ಇನ್ನೊಂದು! ಈಗ ಉರುಳೀತು, ಆಗ ಉರುಳೀತು ಎನ್ನಿಸುವ ಗುಂಡುಗಳು ಸಾವಿರಾರು ವರ್ಷಗಳಿಂದ ಕದಲದೆ ಕುಳಿತಿವೆ.

ಕಲ್ಲೆಂಬುದು ಈ ಊರಿನ ಹೆಸರಿನಲ್ಲಿಯೂ ಉಂಟು, ಜನರ ಬಾಳಿನಲ್ಲಿಯೂ ಉಂಟು. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿಗೆ ಸೇರಿದ ಈ ಕಡೆಯಲ್ಲಿ ಬಂಡೆಯನ್ನು ಸೀಳಿ ಚಪ್ಪಡಿ ತೆಗೆಯುವವರು, ಕಂಬ ಕಡೆಯುವವರು, ಜಲ್ಲಿ ಒಡೆಯುವವರು ತಲೆಮಾರುಗಳಿಂದ ಇದ್ದಾರೆ. ವಿಗ್ರಹಶಿಲ್ಪಕ್ಕೆ ಹೆಸರಾದ ಶಿವಾರಪಟ್ಟಣ ಇದೇ ತಾಲ್ಲೂಕಿನದು. ನಮ್ಮ ಸಣ್ಣ ಕಥೆಗಳ ಹಿರಿಯರಾದ ಮಾಸ್ತಿಯವರ ಮಾಸ್ತಿಯೂ ಇದೇ ತಾಲ್ಲೂಕಿನದು. ಊರಿನಲ್ಲಿ ವರದರಾಜಸ್ವಾಮಿಯ ಹಳೆಯ ಗುಡಿಯುಂಟು. ಅಂಗಡಿಯ ಮುಂದೆ ಅರ್ಧ ಗಳಿಗೆ ನಿಂತರೆ ಕನ್ನಡ, ತೆಲುಗು, ತಮಿಳು ಮೂರು ನುಡಿಗಳೂ ಒಬ್ಬರದೇ ಬಾಯಲ್ಲಿ ಒಂದರ ಹೆಗಲ ಮೇಲೊಂದು ಕೈಯಿಟ್ಟು ಬರುವುದನ್ನು ಕೇಳಬಹುದು. ಜೋಲಾರಪೇಟೆಯಿಂದ ಬೆಂಗಳೂರಿಗೆ ಮೊದಲ ರೈಲು 1864ರಲ್ಲಿ ಬಂದದ್ದು ಈ ಹಾದಿಯಲ್ಲಿಯೇ. ಅಂದಿನಿಂದ ಇಂದಿನವರೆಗೆ ಈ ಊರಿನವರ ಪಾಲಿಗೆ ಬೆಂಗಳೂರೆಂದರೆ ಒಂದು ಗಾಡಿಯ ದೂರ.

ಇಂಥ ಊರಿಗೆ ಹೋದವನು ಬಂಡೆಯ ವಿಚಾರವನ್ನೋ ಗುಡಿಯ ವಿಚಾರವನ್ನೋ ಬರೆಯುವುದು ಲೋಕರೂಢಿ. ಸಹೋದ್ಯೋಗಿ ಮಿತ್ರರೊಬ್ಬರ ಆಹ್ವಾನದ ಮೇರೆಗೆ ಸಂಕ್ರಾಂತಿಯ ರಜೆಯಲ್ಲಿ ನಾನು ಅಲ್ಲಿಗೆ ಹೋದದ್ದೂ ಅದೇ ಆಸೆಯಿಂದ. ಗುಡಿಯನ್ನು ನೋಡಿದೆ, ಬಂಡೆಯನ್ನು ಹತ್ತಿದೆ, ಅವರೆಕಾಳಿನ ಸಾರಿನ ಊಟವನ್ನೂ ಮಾಡಿದೆ. ಆದರೆ ಹಿಂತಿರುಗುವಾಗ ನನ್ನೊಡನೆ ಗಾಡಿ ಹತ್ತಿ ಬಂದ ವಿಷಯ ಬೇರೆಯೇ ಆಗಿತ್ತು.

ತಾಯಿ ಮತ್ತು ಮಗ

ಮಿತ್ರರ ಮನೆಯಿಂದ ನಾಲ್ಕು ಮನೆಯಾಚೆ ಒಬ್ಬ ತಾಯಿ ಇದ್ದಾರೆ. ಅರವತ್ತನ್ನು ಸಮೀಪಿಸಿದ ವಯಸ್ಸು. ಗಂಡ ಕಲ್ಲುಕೆಲಸದವರಾಗಿದ್ದು ತೀರಿಕೊಂಡು ಬಹಳ ವರ್ಷಗಳಾದುವು. ಮಗನೂ ಕಲ್ಲುಕೆಲಸದವನೇ, ವಯಸ್ಸು ಇಪ್ಪತ್ತೆಂಟು. ಮರುದಿನ ಬೆಳಗಿನ ಗಾಡಿಗೆ ಅವರಿಬ್ಬರೂ ಬೆಂಗಳೂರಿಗೆ ಹೊರಟಿದ್ದರು. ನಾನೂ ಅದೇ ಗಾಡಿಗೆ ಹೊರಟವನು. ಮಿತ್ರರು ಸ್ಟೇಷನ್ನಿನಲ್ಲಿ ಪರಿಚಯ ಮಾಡಿಕೊಟ್ಟರು. ಸೂರ್ಯೋದಯಕ್ಕೆ ಮೊದಲಿನ ಆ ಗಾಡಿಯಲ್ಲಿ ಹೂವಿನ ಬುಟ್ಟಿ, ಸೊಪ್ಪಿನ ಮೂಟೆ, ಕಾರ್ಖಾನೆಗೆ ಹೋಗುವ ಹುಡುಗರ ಬುತ್ತಿ, ಎಲ್ಲವೂ ಇರುತ್ತವೆ. ಆ ತಾಯಿಯ ಕೈಯಲ್ಲಿ ಇದ್ದದ್ದು ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಸುತ್ತಿದ ಆಸ್ಪತ್ರೆಯ ಪುಸ್ತಕ.

“ನಿಮ್ಹಾನ್ಸಿಗೆ ಹೋಗ್ತಿದೀವಿ ಮೇಷ್ಟ್ರೇ” ಎಂದರು, ಯಾವ ಮುಚ್ಚುಮರೆಯೂ ಇಲ್ಲದೆ. ಎಂಟು ವರ್ಷಗಳ ತಿರುಗಾಟ ಅವರಿಗೆ ಸಂಕೋಚವನ್ನು ಮರೆಸಿತ್ತು. ತಮ್ಮ ಹೆಸರನ್ನು ಬರೆಯದೆ ಹೋದರೆ ಸಾಕು, ಸಂಗತಿಯನ್ನು ಬರೆಯಬಹುದೆಂದು ತಾಯಿ ಮಗ ಇಬ್ಬರೂ ಒಪ್ಪಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇಪ್ಪತ್ತನೆಯ ವರ್ಷದಲ್ಲಿ ಹುಡುಗ ರಾತ್ರಿ ನಿದ್ದೆ ಮಾಡುವುದನ್ನು ಬಿಟ್ಟ. ಬಂಡೆಯ ಸಂದಿಯಿಂದ ಯಾರೋ ತನ್ನನ್ನು ಬಯ್ಯುತ್ತಿದ್ದಾರೆ ಎನ್ನತೊಡಗಿದ. ತಾಯಿ ಬಡಿಸಿದ ಅನ್ನದಲ್ಲಿ ವಿಷವಿದೆಯೆಂದು ತಟ್ಟೆಯನ್ನು ತಳ್ಳಿದ. ಬಂಧುಗಳು ಗಾಳಿ ಸೋಕಿದೆಯೆಂದರು. ತಾಯತ, ಹರಕೆ, ಮಂತ್ರ, ನಿಂಬೆಹಣ್ಣು, ಎಲ್ಲವೂ ಆಗಿ ಎರಡು ವರ್ಷ ಕಳೆದುವು. ಕೈಯಲ್ಲಿದ್ದ ಹಣವೂ ಕಳೆಯಿತು. ಕೊನೆಗೆ ಯಾರೋ ಪುಣ್ಯಾತ್ಮರು ಹೇಳಿದ ಮಾತನ್ನು ಕೇಳಿ ಬೆಂಗಳೂರಿಗೆ ಕರೆತಂದರು. ಡಾಕ್ಟರರು ಅದನ್ನು ಸ್ಕಿಜೋಫ್ರೀನಿಯ ಎಂದು ಗುರುತಿಸಿದರು; ಕನ್ನಡದಲ್ಲಿ ಇಚ್ಛಿತ್ತ ವಿಕಲತೆ ಎಂದು ಹೇಳುವುದುಂಟು. ಅಂದಿನಿಂದ ಔಷಧ, ಔಷಧದಿಂದ ನಿದ್ದೆ, ಕ್ರಮೇಣ ಬಯ್ಯುವ ದನಿಗಳು ದೂರವಾಗಿ, ಹುಡುಗ ಮತ್ತೆ ಉಳಿ ಸುತ್ತಿಗೆ ಹಿಡಿದ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. “ಮಾತ್ರೆ ನುಂಗಿದ್ರೆ ಕೈ ನಡುಗ್ತಿತ್ತು ಮೇಷ್ಟ್ರೇ, ನುಂಗದಿದ್ರೆ ಮನೆ ನಡುಗ್ತಿತ್ತು” ಎಂದರು ತಾಯಿ. ಗುಮಾಸ್ತನ ಕೈ ನಡುಗಿದರೆ ಅಕ್ಷರ ಕೆಡುತ್ತದೆ. ಕಲ್ಲುಕುಟಿಗನ ಕೈ ನಡುಗಿದರೆ ಬೆರಳೇ ಹೋಗುತ್ತದೆ. ಇದರ ಜೊತೆಗೆ ಮದುವೆಯ ಮಾತು ಬಂತು. ಹೆಣ್ಣಿನ ಕಡೆಯವರಿಗೆ ಮಾತ್ರೆಯ ಸುದ್ದಿ ತಿಳಿಯಬಾರದು. ಹೇಗೂ ವಾಸಿಯಾಗಿದೆಯಲ್ಲ, ನಿಲ್ಲಿಸಿಬಿಡಿ ಎಂದು ಹತ್ತಿರದವರೇ ಬುದ್ಧಿ ಹೇಳಿದರು. ನಿಲ್ಲಿಸಿದ ಮೂರು ತಿಂಗಳಿಗೆ ಹುಡುಗ ಮನೆಬಿಟ್ಟು ಹೋದ. ಹನ್ನೊಂದು ದಿನಗಳ ಮೇಲೆ ಜೋಲಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ಸಿಕ್ಕಿದ. ಮದುವೆ ಮುರಿಯಿತು. ಮೂರು ವಾರ ಆಸ್ಪತ್ರೆಯ ವಾರ್ಡಿನಲ್ಲಿ ತಾಯಿಯೂ ಮಗನ ಜೊತೆಗಿದ್ದರು. ಇದು ಎರಡು ವರ್ಷದ ಹಿಂದಿನ ಮಾತು.

ಗಾಡಿಯಲ್ಲಿ ನನ್ನ ಎದುರಿಗೆ ಕುಳಿತಿದ್ದ ಯುವಕ ಕಿಟಕಿಯಿಂದ ಹೊರಗೆ ನೋಡುತ್ತ ಶಾಂತನಾಗಿದ್ದ. ಕೈಗಳು ಮೊಣಕಾಲ ಮೇಲೆ ಸ್ಥಿರವಾಗಿದ್ದುವು. ಈಗ ದಿನದಿನದ ಮಾತ್ರೆಗೆ ಬದಲು ತಿಂಗಳಿಗೊಂದು ಚುಚ್ಚುಮದ್ದು. ಔಷಧವನ್ನೇ ಬದಲಿಸಿ, ಪ್ರಮಾಣವನ್ನು ಹೊಂದಿಸಿದ್ದರಿಂದ ನಡುಕವೂ ಇಳಿದಿದೆ. ಚುಚ್ಚುಮದ್ದನ್ನು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿಯೇ ಹಾಕುತ್ತಾರೆ. ಆರು ತಿಂಗಳಿಗೊಮ್ಮೆ ಮಾತ್ರ ಬೆಂಗಳೂರಿನ ಈ ಪಯಣ. “ನಾನು ಡಾಕ್ಟರಿಗೆ ಕೈ ತೋರಿಸಿ ಹೇಳ್ದೆ ಸಾರ್, ಈ ಕೈಯಿಂದ್ಲೇ ನಮ್ಮ ಊಟ ಅಂತ” ಎಂದ ಆತ. ನಾನು ಕೇಳಿದ ಅವನ ಒಂದೇ ದೀರ್ಘವಾದ ಮಾತು ಅದು. ರೋಗಿ ತನ್ನ ಕೆಲಸದ ಸಂಗತಿಯನ್ನು ಬಾಯಿಬಿಟ್ಟು ಹೇಳಿದ್ದು, ವೈದ್ಯರು ಅದನ್ನು ಕಿವಿಗೊಟ್ಟು ಕೇಳಿದ್ದು, ಇವೆರಡೂ ಸೇರಿ ಆ ಚಿಕಿತ್ಸೆ ಗೆದ್ದಿತೆಂದು ನನಗೆ ತೋರಿತು.

ಹೊಸೂರು ರಸ್ತೆಯ ಆಸ್ಪತ್ರೆ

ಕಂಟೋನ್ಮೆಂಟಿನಲ್ಲಿ ಇಳಿದು ಬಸ್ಸು ಹಿಡಿದರೆ ಹೊಸೂರು ರಸ್ತೆಯ ಆ ವಿಶಾಲವಾದ ಆವರಣವನ್ನು ಸೇರಬಹುದು. ಹಳೆಯ ಬೆಂಗಳೂರಿಗರಿಗೆ ಅದು ‘ಹುಚ್ಚಾಸ್ಪತ್ರೆ’. ಮಕ್ಕಳನ್ನು ಹೆದರಿಸಲು, ಗೆಳೆಯರನ್ನು ಹಾಸ್ಯಮಾಡಲು ಆ ಹೆಸರನ್ನು ಬಳಸದ ಮನೆ ನಮ್ಮಲ್ಲಿ ವಿರಳ. ಆದರೆ ಆ ಸಂಸ್ಥೆಯ ಚರಿತ್ರೆಯನ್ನು ತಿಳಿದರೆ ಹಾಸ್ಯ ನಿಂತು ಗೌರವ ಹುಟ್ಟುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹುಚ್ಚರ ಆಶ್ರಯವೊಂದು ಇದರ ಬೇರು. 1925ರಲ್ಲಿ ಮೈಸೂರು ಸರಕಾರ ಅದರ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಾಯಿಸಿತು. ಬೀಗ ಹಾಕಿಡುವ ಮನೆ ಚಿಕಿತ್ಸೆಯ ಮನೆಯಾಗಬೇಕೆಂಬ ಸಂಕಲ್ಪ ಆ ಹೆಸರಿನಲ್ಲಿತ್ತು. 1930ರ ದಶಕದ ಉತ್ತರಾರ್ಧದಲ್ಲಿ ಆಸ್ಪತ್ರೆ ಈಗಿನ ಜಾಗಕ್ಕೆ ಬಂದಿತು. ಡಾಕ್ಟರ್ ಫ್ರಾಂಕ್ ನೊರೊನ್ಹಾ, ಅವರ ತರುವಾಯ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿ ಇದನ್ನು ಬೆಳೆಸಿದ ಹಿರಿಯರು. 1954ರಲ್ಲಿ ಇದರ ಪಕ್ಕದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. 1974ರ ಡಿಸೆಂಬರಿನಲ್ಲಿ ಎರಡೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. 2012ರ ಕಾಯಿದೆ ಅದನ್ನು ರಾಷ್ಟ್ರೀಯ ಮಹತ್ತ್ವದ ಸಂಸ್ಥೆಗಳ ಸಾಲಿಗೆ ಸೇರಿಸಿತು.

ಈ ಕಟ್ಟಡಗಳ ಬೆಳವಣಿಗೆಗಿಂತ ದೊಡ್ಡ ಬದಲಾವಣೆಯೊಂದು ಔಷಧದ ಅಂಗಡಿಯಿಂದ ಬಂದಿತು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು ಲಿಥಿಯಂ ಎಂಬ ಸಾಮಾನ್ಯ ಲವಣವು ಉನ್ಮಾದವನ್ನು ತಣಿಸುವುದನ್ನು ಕಂಡರು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೋಮಜೀನ್ ಎಂಬ ಔಷಧದಿಂದ ತೀವ್ರ ಚಿತ್ತವಿಕಲತೆ ಇಳಿಯುವುದನ್ನು ತೋರಿಸಿದರು. ಅಲ್ಲಿಯವರೆಗೆ ವರ್ಷಗಟ್ಟಲೆ ಆಸ್ಪತ್ರೆಯ ಗೋಡೆಗಳೊಳಗೆ ಇರಬೇಕಾಗಿದ್ದವರು ಮನೆಯಲ್ಲಿದ್ದುಕೊಂಡೇ ಔಷಧ ತೆಗೆದುಕೊಳ್ಳುವುದು ಸಾಧ್ಯವಾಯಿತು. ಅದೇ ದಶಕದಲ್ಲಿ ಅಮೃತಸರದಲ್ಲಿ ಡಾಕ್ಟರ್ ವಿದ್ಯಾಸಾಗರರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯ ಮನೆಯವರನ್ನೂ ಜೊತೆಗೆ ಇರಿಸಿಕೊಂಡರು. ವೆಲ್ಲೂರಿನಲ್ಲಿಯೂ ಕುಟುಂಬದವರು ರೋಗಿಯೊಡನೆ ಉಳಿಯುವ ಪದ್ಧತಿ ಬಂದಿತು. ಮನೆಯವರನ್ನು ಬಾಗಿಲಿನಿಂದಲೇ ಕಳುಹಿಸಿಬಿಡುವುದು ಪಶ್ಚಿಮದ ಆಸ್ಪತ್ರೆಗಳ ರೂಢಿಯಾಗಿದ್ದ ಕಾಲದಲ್ಲಿ, ಮನೆಯವರೇ ಚಿಕಿತ್ಸೆಯ ಒಂದು ಅಂಗವೆಂದು ನಮ್ಮವರು ಕಂಡುಕೊಂಡರು. ಟೇಕಲ್ಲಿನ ತಾಯಿ ಮೂರು ವಾರ ಮಗನ ಮಂಚದ ಪಕ್ಕದಲ್ಲಿದ್ದದ್ದು ಈ ಪರಂಪರೆಯ ಫಲ.

‘ಹೊರರೋಗಿ’ಯ ದಾರಿಗಳು

ಮಾನಸಿಕ ರೋಗವೆಂದೊಡನೆ ವಾರ್ಡು, ಬೀಗ, ಕಬ್ಬಿಣದ ಕಂಬಿ ಇವೇ ನಮ್ಮ ಕಣ್ಣಿಗೆ ಕಟ್ಟುವುದು. ವಾಸ್ತವದಲ್ಲಿ ತೀವ್ರ ರೋಗದವರಲ್ಲಿಯೂ ಬಹುಮಂದಿ ಬಹುಕಾಲ ಹೊರರೋಗಿಗಳಾಗಿಯೇ ಚಿಕಿತ್ಸೆ ಪಡೆಯುತ್ತಾರೆ. ಬೆಳಿಗ್ಗೆ ಬಂದು, ಚೀಟಿ ಬರೆಸಿ, ವೈದ್ಯರನ್ನು ಕಂಡು, ಔಷಧ ಪಡೆದು, ಸಂಜೆಯ ಗಾಡಿಗೆ ಮನೆ ಸೇರುತ್ತಾರೆ. ತನಗಾಗಲಿ ಇತರರಿಗಾಗಲಿ ಅಪಾಯ ಮಾಡುವ ಸೂಚನೆ, ಸಾಯುವ ಮಾತು, ಅನ್ನ ನೀರು ಬಿಟ್ಟ ಸ್ಥಿತಿ, ಇಂಥ ಸಂದರ್ಭಗಳಲ್ಲಿ ಮಾತ್ರ ಆಸ್ಪತ್ರೆಯ ವಾಸ ಅನಿವಾರ್ಯ. ಆಗ ಒಂದು ದಿನವೂ ತಡಮಾಡಬಾರದು.

ಹೊರರೋಗಿಗೆ ಇರುವ ದಾರಿಗಳು ಹಲವು. ಮೊದಲನೆಯದು ಮಾತ್ರೆ. ಇದು ತಲೆನೋವಿನ ಮಾತ್ರೆಯಂತೆ ಗಂಟೆಯಲ್ಲಿ ಕೆಲಸ ಮಾಡದು. ಪೂರ್ಣ ಗುಣ ಕಾಣಲು ಕೆಲವು ವಾರಗಳೇ ಬೇಕು. ಮೊದಲನೆಯ ಸಲ ರೋಗ ಬಂದು ಇಳಿದವರೂ ಒಂದೆರಡು ವರ್ಷ ಔಷಧ ಮುಂದುವರಿಸಬೇಕೆಂದೂ, ಮತ್ತೆ ಮತ್ತೆ ಮರುಕಳಿಸಿದವರು ಅನೇಕ ವರ್ಷ ತೆಗೆದುಕೊಳ್ಳಬೇಕೆಂದೂ ವೈದ್ಯರು ಹೇಳುತ್ತಾರೆ. ಸಕ್ಕರೆ ಕಾಯಿಲೆಯವರು ಆಯುಷ್ಯವೆಲ್ಲ ಮಾತ್ರೆ ನುಂಗಿದರೆ ಯಾರೂ ಆಕ್ಷೇಪಿಸುವುದಿಲ್ಲ. ಮನಸ್ಸಿನ ಕಾಯಿಲೆಯವರು ನುಂಗಿದರೆ ಮಾತ್ರ ‘ಇನ್ನೂ ಎಷ್ಟು ದಿನ?’ ಎಂದು ನೆಂಟರೆಲ್ಲ ಕೇಳುತ್ತಾರೆ!

ಎರಡನೆಯದು ಚುಚ್ಚುಮದ್ದು. ಮಾಂಸಖಂಡಕ್ಕೆ ಹಾಕಿದ ಔಷಧ ಎಣ್ಣೆಯಲ್ಲಿ ಕರಗಿದ್ದು, ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತದೆ. ಎರಡರಿಂದ ನಾಲ್ಕು ವಾರ ಅದರ ಬಲ ನಿಲ್ಲುತ್ತದೆ. ದಿನವೂ ನೆನಪಿಟ್ಟು ನುಂಗುವ ಕಷ್ಟವಿಲ್ಲ; ‘ನುಂಗಿದೆಯೋ ಇಲ್ಲವೋ’ ಎಂದು ತಾಯಿ ಮಗನ ನಡುವೆ ದಿನನಿತ್ಯದ ಜಗಳವೂ ಇಲ್ಲ. ಮೂರನೆಯದು, ಉನ್ಮಾದವೂ ಖಿನ್ನತೆಯೂ ಸರದಿಯಲ್ಲಿ ಬರುವವರಿಗೆ ಲಿಥಿಯಂ. ಇದನ್ನು ತೆಗೆದುಕೊಳ್ಳುವವರು ಕಾಲಕಾಲಕ್ಕೆ ರಕ್ತದಲ್ಲಿ ಅದರ ಪ್ರಮಾಣವನ್ನು ಪರೀಕ್ಷಿಸಿಕೊಳ್ಳಬೇಕು. ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಯ ಪರೀಕ್ಷೆಯೂ ಬೇಕು. ಬೇರೆ ಔಷಧಗಳಿಗೆ ಬಗ್ಗದ ಸ್ಕಿಜೋಫ್ರೀನಿಯಕ್ಕೆ ಕ್ಲೋಜಪೀನ್ ಎಂಬುದುಂಟು. ಅದು ಕೆಲವರಲ್ಲಿ ಬಿಳಿಯ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುವುದರಿಂದ, ಆರಂಭದ ತಿಂಗಳುಗಳಲ್ಲಂತೂ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ.

ವಿದ್ಯುತ್ ಚಿಕಿತ್ಸೆಯ ಹೆಸರು ಕೇಳಿದರೆ ಜನ ಬೆಚ್ಚುತ್ತಾರೆ. ಸಿನಿಮಾಗಳು ಆ ಭಯವನ್ನು ಬೆಳೆಸಿವೆ. 1938ರಲ್ಲಿ ರೋಮ್ ನಗರದಲ್ಲಿ ಆರಂಭವಾದ ಈ ಚಿಕಿತ್ಸೆಯನ್ನು ಈಗ ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಿಸಿಯೇ ಮಾಡುತ್ತಾರೆ. ಹಾಗೆ ಮಾಡದಿರುವುದನ್ನು ಕಾನೂನು ನಿಷೇಧಿಸಿದೆ. ತೀವ್ರ ಖಿನ್ನತೆಯಲ್ಲಿ ಪ್ರಾಣಕ್ಕೇ ಸಂಚಕಾರ ಬಂದಾಗ ಇದು ಬೇಗ ಗುಣ ತೋರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು, ಚಿಕಿತ್ಸೆ ಪಡೆದು, ವಿಶ್ರಮಿಸಿ, ಮನೆಯವರೊಡನೆ ಅದೇ ದಿನ ಹಿಂತಿರುಗುವವರೂ ಉಂಟು. ಕೆಲಹೊತ್ತಿನ ಮರೆವು ಉಂಟಾಗುವುದು ನಿಜ. ಅದನ್ನು ವೈದ್ಯರು ಮುಂಚಿತವಾಗಿ ತಿಳಿಸಬೇಕು, ಮನೆಯವರು ಕೇಳಿ ತಿಳಿಯಬೇಕು.

ಔಷಧದ ಜೊತೆಗೆ ಮಾತಿನ ಚಿಕಿತ್ಸೆಯುಂಟು, ಮನೆಯವರಿಗೆ ತಿಳಿವಳಿಕೆ ಕೊಡುವ ಕೆಲಸವುಂಟು. ಲಂಡನ್ನಿನ ಜಾರ್ಜ್ ಬ್ರೌನ್ ಎಂಬ ವಿದ್ವಾಂಸರು ಐವತ್ತು ಅರವತ್ತರ ದಶಕಗಳಲ್ಲಿ ಒಂದು ಸಂಗತಿಯನ್ನು ಕಂಡರು: ಆಸ್ಪತ್ರೆಯಿಂದ ಹೋದ ಮೇಲೆ, ಎತ್ತಿದ್ದಕ್ಕೆ ಕೂತದ್ದಕ್ಕೆ ಟೀಕೆಮಾಡುವ ಮನೆಗೆ ಹಿಂತಿರುಗಿದವರಲ್ಲಿ ರೋಗ ಮರುಕಳಿಸುವುದು ಹೆಚ್ಚು. ಮಾತ್ರೆಯ ಜೊತೆಗೆ ಮನೆಯ ಮಾತೂ ಒಂದು ಔಷಧ, ಅಥವಾ ಒಂದು ವಿಷ.

ಕೊನೆಯದಾಗಿ, ಕೆಲಸ. ನಿಮ್ಹಾನ್ಸಿನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ಮರಗೆಲಸ ಮೊದಲಾದುವು ಉಂಟು. ಹಗಲು ಬಂದು ಕಲಿತು, ಸಂಜೆ ಮನೆಗೆ ಹೋಗುವವರಿಗೆ ಅದು ಶಾಲೆಯೂ ಹೌದು, ಚಿಕಿತ್ಸೆಯೂ ಹೌದು.

ಊರ ಹತ್ತಿರಕ್ಕೆ ಬಂದ ಚಿಕಿತ್ಸೆ

ಇಷ್ಟೆಲ್ಲ ಇದ್ದರೂ ಬೆಂಗಳೂರು ಬೆಂಗಳೂರೇ, ಟೇಕಲ್ಲು ಟೇಕಲ್ಲೇ. ಒಂದು ದಿನದ ಪಯಣವೆಂದರೆ ತಾಯಿ ಮಗ ಇಬ್ಬರ ಕೂಲಿಯೂ ಹೋದಂತೆ. ಗಾಡಿಯ ಖರ್ಚು, ಬಸ್ಸಿನ ಖರ್ಚು, ಊಟದ ಖರ್ಚು ಬೇರೆ. ಟೇಕಲ್ಲಿನವರಿಗೆ ರೈಲಾದರೂ ಉಂಟು. ಮುಳಬಾಗಿಲು, ಶ್ರೀನಿವಾಸಪುರಗಳ ಒಳಹಳ್ಳಿಯವರ ಪಾಡೇನು? ಔಷಧ ನಿಲ್ಲಿಸಿದವರೆಲ್ಲ ಅಜ್ಞಾನದಿಂದಲೇ ನಿಲ್ಲಿಸಿದರೆನ್ನುವುದು ನ್ಯಾಯವಲ್ಲ. ದಾರಿಯ ದೂರವೂ ಎಷ್ಟೋ ಜನರ ಕೈಯಿಂದ ಮಾತ್ರೆಯನ್ನು ಕಸಿದಿದೆ.

ಈ ದೂರವನ್ನು ತಗ್ಗಿಸುವ ಪ್ರಯತ್ನ ಹುಟ್ಟಿದ್ದೂ ನಮ್ಮ ನಾಡಿನಲ್ಲಿಯೇ ಎಂಬುದು ಹೆಮ್ಮೆಯ ಮಾತು. 1975ರ ಸುಮಾರಿಗೆ ನಿಮ್ಹಾನ್ಸಿನ ವೈದ್ಯರು ಆನೇಕಲ್ ತಾಲ್ಲೂಕಿನ ಸಕಲವಾರ ಎಂಬ ಹಳ್ಳಿಯಲ್ಲಿ ಕೇಂದ್ರವೊಂದನ್ನು ತೆರೆದರು. ಹಳ್ಳಿಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗವನ್ನು ಗುರುತಿಸುವುದನ್ನು, ಔಷಧ ಕೊಡುವುದನ್ನು ಕಲಿಸಬಹುದೆಂದು ಅಲ್ಲಿ ತೋರಿಸಿದರು. ಗುಂಜೂರು, ಕನಕಪುರ, ಮದ್ದೂರು, ಮಧುಗಿರಿ, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು, ಇಂಥ ಊರುಗಳಿಗೆ ವೈದ್ಯರ ತಂಡ ತಿಂಗಳಿಗೊಮ್ಮೆ ತಾನೇ ಹೋಗಿ ರೋಗಿಗಳನ್ನು ನೋಡುವ ಪದ್ಧತಿಯೂ ಬೆಳೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. 1980ರ ದಶಕದ ನಡುಭಾಗದಲ್ಲಿ ಬಳ್ಳಾರಿ ಜಿಲ್ಲೆಯನ್ನು ಪ್ರಯೋಗಕ್ಕೆ ಆರಿಸಿ, ಇಡೀ ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲಿ ಈ ಚಿಕಿತ್ಸೆ ಸಿಗುವಂತೆ ಮಾಡಿದರು. ಅದೇ ಮಾದರಿಯ ಮೇಲೆ 1996ರಿಂದ ದೇಶದ ಇತರ ಜಿಲ್ಲೆಗಳಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹರಡಿತು.

ಮಲೆನಾಡಿನ ತೀರ್ಥಹಳ್ಳಿಯಲ್ಲಿ 2005ರಿಂದ, ತರುವಾಯ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ, ಸ್ಕಿಜೋಫ್ರೀನಿಯ ರೋಗಿಗಳನ್ನು ಮನೆಮನೆಯಲ್ಲಿ ಹುಡುಕಿ, ಊರಿನಲ್ಲಿಯೇ ಚಿಕಿತ್ಸೆ ಕೊಡಿಸಿ, ವರ್ಷವರ್ಷವೂ ಹಿಂಬಾಲಿಸಿ ನೋಡುವ ಕೆಲಸವನ್ನು ನಿಮ್ಹಾನ್ಸಿನವರು ನಡೆಸಿದ್ದಾರೆ. ಬರದಿದ್ದ ರೋಗಿಯ ಮನೆಗೆ ತಾವೇ ಹೋಗಿ ‘ಏಕೆ ಬರಲಿಲ್ಲ?’ ಎಂದು ಕೇಳುವುದು ಅದರ ಮುಖ್ಯ ಗುಟ್ಟು. 2014ರಲ್ಲಿ ಕರ್ನಾಟಕ ಸರಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ, ಗೊತ್ತಾದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯನ್ನು ಆರಂಭಿಸಿತು. ಕೋಲಾರದ ಎಸ್. ಎನ್. ಆರ್. ಆಸ್ಪತ್ರೆ ಜಿಲ್ಲೆಯ ದೊಡ್ಡ ಸರಕಾರಿ ಆಸ್ಪತ್ರೆ. ಕೋಲಾರದ ಹೊರವಲಯದ ಟಮಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಉಂಟು. ಮನೆಯಿಂದ ಹೊರಡಲಾರದವರಿಗೆ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಆರಂಭವಾಯಿತು. 14416 ಎಂಬ ಸಂಖ್ಯೆಗೆ ಹಗಲಾಗಲಿ ಇರುಳಾಗಲಿ ಕರೆಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಕೋಲಾರದವರು ತಿಳಿದಿರಬೇಕಾದ ಇನ್ನೊಂದು ಸಂಗತಿ. 2015–16ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಅದಕ್ಕೆ ಮುಂಚೆ, ಪ್ರಶ್ನೆಗಳೂ ಪದ್ಧತಿಯೂ ಸರಿಯಿವೆಯೇ ಎಂದು ಪರೀಕ್ಷಿಸಲು ಆರಿಸಿಕೊಂಡದ್ದು ಕೋಲಾರ ಜಿಲ್ಲೆಯನ್ನು. ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಇಲ್ಲಿ ಮಾತಾಡಿಸಿದರು. ಆ ಮುಖ್ಯ ಸಮೀಕ್ಷೆ ಕಂಡುಕೊಂಡಂತೆ, ತೀವ್ರ ಮಾನಸಿಕ ರೋಗವುಳ್ಳವರಲ್ಲಿಯೂ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಟೇಕಲ್ಲಿನ ಆ ಯುವಕ ಉಳಿದ ಮೂವತ್ತರಲ್ಲಿ ಒಬ್ಬ. ಅವನ ತಾಯಿಯಂಥ ತಾಯಿ ಇಲ್ಲದ ಎಪ್ಪತ್ತು ಮಂದಿ ಎಲ್ಲಿದ್ದಾರೆ? ಹಿತ್ತಿಲ ಕೋಣೆಯಲ್ಲಿ, ಗುಡಿಯ ಜಗಲಿಯಲ್ಲಿ, ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ.

ಸರಪಳಿಯೂ ಶಾಸನವೂ

ಕೆಲವರು ಸರಪಳಿಯಲ್ಲಿಯೂ ಇದ್ದರು. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ಮಾನಸಿಕ ರೋಗಿಗಳನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಬಿದ್ದಿತು. ಕಟ್ಟಿಹಾಕಿದ್ದರಿಂದ ಓಡಲಾರದೆ 28 ಮಂದಿ ಸತ್ತರು. ದೇಶವೇ ನಾಚಿದ ದಿನವದು. 2017ರಲ್ಲಿ ಬಂದು 2018ರ ಮೇ ತಿಂಗಳಿನಿಂದ ಜಾರಿಯಾದ ಮಾನಸಿಕ ಆರೋಗ್ಯ ಕಾಯಿದೆ, ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಂಧಿಸಕೂಡದೆಂದು ವಿಧಿಸಿದೆ. ಸರಕಾರ ನಡೆಸುವ ಅಥವಾ ಸರಕಾರದ ಹಣದಿಂದ ನಡೆಯುವ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದೂ, ಬಡತನದ ರೇಖೆಯ ಕೆಳಗಿನವರಿಗೆ ಅದು ಉಚಿತವಾಗಿ ಸಿಗಬೇಕೆಂದೂ ಹೇಳಿದೆ. ಸ್ವಸ್ಥನಾಗಿರುವಾಗಲೇ ‘ಮುಂದೆ ನನಗೆ ರೋಗ ಹೆಚ್ಚಾದರೆ ಹೀಗೆ ಚಿಕಿತ್ಸೆ ಕೊಡಿ, ಹೀಗೆ ಬೇಡ’ ಎಂದು ಬರೆದಿಡುವ ಅವಕಾಶವೂ ಅದರಲ್ಲಿದೆ. 2016ರ ವಿಕಲಚೇತನರ ಕಾಯಿದೆಯ ಮೇರೆಗೆ, ರೋಗದಿಂದ ಉಂಟಾದ ವಿಕಲತೆ ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲವೆಂದು ವೈದ್ಯರು ಪ್ರಮಾಣೀಕರಿಸಿದರೆ ಕೆಲವು ಸೌಲಭ್ಯಗಳು ದೊರೆಯುತ್ತವೆ. ಈ ವಿಷಯ ಎಷ್ಟೋ ಮನೆಗಳಿಗೆ ಇನ್ನೂ ತಿಳಿದಿಲ್ಲ.

ಕನ್ನಡದಲ್ಲಿ ಮನಸ್ಸಿನ ರೋಗಗಳ ತಿಳಿವಳಿಕೆಯನ್ನು ಹರಡಿದ ಹಿರಿಯರನ್ನು ಇಲ್ಲಿ ಸ್ಮರಿಸಬೇಕು. ‘ಕೊರವಂಜಿ’ಯ ರಾಶಿಯವರೆಂದರೆ ನಗೆಯೊಂದೇ ನಮಗೆ ನೆನಪು. ಆದರೆ ವೈದ್ಯರಾದ ಎಂ. ಶಿವರಾಂ ಅವರಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ತಂದದ್ದು ಮನಸ್ಸಿನ ಕಾಯಿಲೆಗಳನ್ನು ಕುರಿತ ‘ಮನಮಂಥನ’ ಎಂಬ ಗ್ರಂಥ. ನಿಮ್ಹಾನ್ಸಿನ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರು ತಿಳಿಗನ್ನಡದಲ್ಲಿ ಬರೆದ ಪುಸ್ತಕಗಳು ಎಷ್ಟೋ ಸಂಸಾರಗಳಿಗೆ ಮೊದಲ ವೈದ್ಯನಂತೆ ನೆರವಾಗಿವೆ.

‘ನನ್ನ ನಂತರ?’

ಹೊರರೋಗಿ ವಿಭಾಗದ ಬೆಂಚಿನ ಮೇಲೆ ಸರದಿ ಕಾಯುತ್ತ ಆ ತಾಯಿ ನನಗೆ ಹೇಳಿದ ಮಾತೊಂದುಂಟು. “ಡಾಕ್ಟ್ರು ಒಳ್ಳೇವ್ರು, ಔಷಧಾನೂ ಒಗ್ಗಿದೆ. ನನಗೆ ಒಂದೇ ಚಿಂತೆ. ನಾನು ಹೋದ್ಮೇಲೆ ಇವನ್ನ ತಿಂಗಳ ತಿಂಗಳ ಚುಚ್ಚುಮದ್ದಿಗೆ ಯಾರು ಏಳಿಸ್ಕೊಂಡು ಹೋಗ್ತಾರೆ?” ಈ ಪ್ರಶ್ನೆಗೆ ಔಷಧದ ಅಂಗಡಿಯಲ್ಲಿ ಉತ್ತರವಿಲ್ಲ.

ಉತ್ತರದ ತುಣುಕುಗಳು ಮಾತ್ರ ಅಲ್ಲಲ್ಲಿ ಉಂಟು. ಬೆಂಗಳೂರಿನಲ್ಲಿ 1986ರಲ್ಲಿ ಆರಂಭವಾದ ರಿಚ್ಮಂಡ್ ಫೆಲೋಷಿಪ್ ಸಂಸ್ಥೆಯಂಥವರು ಆಸ್ಪತ್ರೆಗೂ ಮನೆಗೂ ನಡುವಣ ಆಶ್ರಯಗಳನ್ನು ನಡೆಸಿದ್ದಾರೆ. ಸರಕಾರದ ‘ಮಾನಸಾಧಾರ’ ಯೋಜನೆ ಜಿಲ್ಲೆಗಳಲ್ಲಿ ಹಗಲಿನ ಆರೈಕೆಯ ಕೇಂದ್ರಗಳಿಗಾಗಿ ಹುಟ್ಟಿತು. ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನಲ್ಲಂತೂ ಶತಮಾನಗಳಿಂದ ಒಂದು ವಿಚಿತ್ರವಾದ ರೂಢಿಯುಂಟು: ಮಾನಸಿಕ ರೋಗಿಗಳನ್ನು ಊರಿನ ಸಂಸಾರಗಳೇ ತಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತವೆ. 1930ರ ದಶಕದ ಕೊನೆಯಲ್ಲಿ ಹಾಗೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿಯ ಮನೆಗಳಲ್ಲಿದ್ದರು. ರೋಗಿ ಹೊಲದ ಕೆಲಸಕ್ಕೆ ಕೈಯಿಡುತ್ತಾನೆ, ಮನೆಯ ಮಕ್ಕಳನ್ನು ಆಡಿಸುತ್ತಾನೆ, ಹಬ್ಬದ ಊಟಕ್ಕೆ ಪಂಕ್ತಿಯಲ್ಲಿ ಕೂರುತ್ತಾನೆ. ಯಾರೂ ಅವನನ್ನು ಬೆರಳುಮಾಡಿ ತೋರಿಸುವುದಿಲ್ಲ.

ಗೀಲ್ ನಮಗೆ ದೂರ. ಆದರೆ ನಮ್ಮ ಬೀದಿ ದೂರವಿಲ್ಲ. ಪಕ್ಕದ ಮನೆಯ ಹುಡುಗ ರಾತ್ರಿಯೆಲ್ಲ ನಿದ್ದೆಯಿಲ್ಲದೆ ತಿರುಗುತ್ತಿದ್ದರೆ, ಯಾರೊಡನೆಯೂ ಸೇರದೆ ತನ್ನಷ್ಟಕ್ಕೆ ತಾನೇ ಮಾತಾಡುತ್ತಿದ್ದರೆ, ಅವನ ತಾಯಿಯನ್ನು ಕಂಡು ಹತ್ತಿರದ ಆಸ್ಪತ್ರೆಯ ಹೆಸರನ್ನೂ 14416 ಎಂಬ ಸಂಖ್ಯೆಯನ್ನೂ ಹೇಳುವುದಕ್ಕೆ ನಾವೇನೂ ವೈದ್ಯರಾಗಬೇಕಿಲ್ಲ. ಚಿಕಿತ್ಸೆಯಲ್ಲಿರುವವನಿಗೆ ಒಂದು ಕೆಲಸ ಕೊಡುವುದು, ಮದುವೆ ಮುಂಜಿಗೆ ಅವನನ್ನೂ ಕರೆಯುವುದು, ತಾಯಿಗೆ ಮೈಸರಿಯಿಲ್ಲದ ತಿಂಗಳು ಅವನೊಡನೆ ಆಸ್ಪತ್ರೆಗೆ ಹೋಗಿಬರುವುದು, ಇವು ದೊಡ್ಡ ಕಾರ್ಯಗಳೇನೂ ಅಲ್ಲ. ಟೇಕಲ್ಲಿನ ನನ್ನ ಮಿತ್ರರು ಇದನ್ನು ಆಗಲೇ ಆರಂಭಿಸಿದ್ದಾರೆ. ಚುಚ್ಚುಮದ್ದಿನ ದಿನವನ್ನು ತಮ್ಮ ಮನೆಯ ಕ್ಯಾಲೆಂಡರಿನಲ್ಲಿಯೂ ಗುರುತುಹಾಕಿಕೊಂಡಿದ್ದಾರೆ. ಒಳರೋಗಿಯ ಹೊಣೆ ಆಸ್ಪತ್ರೆಯದಾದರೆ, ಹೊರರೋಗಿಯ ಹೊಣೆಯ ಅರ್ಧ ಪಾಲು ಅವನು ಹಿಂತಿರುಗುವ ಊರಿನದು. ಆ ಪಾಲನ್ನು ಊರು ಹೊತ್ತರೆ, ತಾಯಂದಿರು ಈ ಒಂದು ಚಿಂತೆಯನ್ನಾದರೂ ಇಳಿಸಿ ನಿದ್ದೆ ಮಾಡಿಯಾರು.